ಚಪ್ಪಲಿ ಬಿಡುವುದಕ್ಕೊಂದು ಪದ

ಡಿಸ್ಕಾಲ್ಸಿಯೇಟ್. ಕ್ರಿಯಾಪದ. ಕಾಲಿನಲ್ಲಿರುವ ಪಾದರಕ್ಷೆಗಳನ್ನು ಕಳಚುವುದು. ಈಗ ಬಳಕೆ ವಿರಳ.

ಇಂಗ್ಲಿಷಿನ ಒಂದು ಹಳೆಯ ದಪ್ಪ ನಿಘಂಟಿನಲ್ಲಿ ಈ ಅರ್ಥ ಎರಡೇ ಸಾಲು. ಆ ಎರಡು ಸಾಲನ್ನು ನಾನು ಹದಿನೇಳು ವರ್ಷ ಬಚ್ಚಿಟ್ಟುಕೊಂಡಿದ್ದೆ. ಯಾರಿಂದ ಬಚ್ಚಿಟ್ಟೆನೋ ಅವರು ನನ್ನ ಸೋದರಮಾವ, ಅಮ್ಮನ ತಮ್ಮ. ನಾನು ಓದಿ ಮುಂದೆ ಬಂದದ್ದಕ್ಕೆ ಅವರೇ ಕಾರಣ. ಅವರ ಬಾಯಿ ಕಟ್ಟಿಹೋದದ್ದಕ್ಕೆ ನಾನೇ ಕಾರಣ.

ನಮ್ಮ ಮನೆಯಲ್ಲಿ ಬಿ.ಎ. ಮಾಡಿದ ಮೊದಲನೆಯವಳು ನಾನು. ಈ ಮಾತನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಅದರಲ್ಲಿ ನನಗೆ ಸಂಕೋಚವಿಲ್ಲ. ಅಪ್ಪ ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದರು. ಅಮ್ಮ ಹಾರನಹಳ್ಳಿಯಲ್ಲಿ ಊರವರ ಅಟ್ಟದ ಮೇಲೆ ಒಣಗಿದ ಕಾಯಿಗಳ ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ನಾನು ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಅರಸೀಕೆರೆಗೆ ಹೋಗಿ ಓದಿದವಳು. ಪಿ.ಯು.ಸಿ.ಯಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದೆ. ಮಿಕ್ಕ ವಿಷಯಗಳಲ್ಲೆಲ್ಲ ಪಾಸು, ಅದೊಂದೇ ಕೈ ಕೊಡುತ್ತಿತ್ತು. ಎರಡನೆಯ ಸಲ ಫೇಲಾದಾಗ ಅಪ್ಪ, ಸಾಕು ಓದಿದ್ದು, ಅಂದುಬಿಟ್ಟರು. ಆವತ್ತು ಹಳೇಬೀಡಿನಿಂದ ಬಂದು ಅಪ್ಪನ ಎದುರು ಕೂತು, ಇನ್ನೊಂದು ಸಲ ಪರೀಕ್ಷೆ ಕಟ್ಟಲಿ ಎಂದು ಒಪ್ಪಿಸಿದವರು ಮಾವ. ಒಪ್ಪಿಸುವಾಗ ಒಂದು ಮಾತು ಹೇಳಿದರು.

"ಇಂಗ್ಲಿಷೇನು ದೆವ್ವಾನಾ ಭಾವ? ನಾಕ್ನೇ ಕ್ಲಾಸು ಓದಿರೋ ನಾನೇ ಮಾತಾಡ್ತೀನಿ."

ಅಪ್ಪ ನಕ್ಕರು, ಅಮ್ಮ ನಕ್ಕರು. ಮಾವನ ಉದ್ದೇಶ ಅಪ್ಪನನ್ನು ನಗಿಸಿ ಒಪ್ಪಿಸುವುದಷ್ಟೇ ಆಗಿತ್ತು. ಆದರೆ ಗೋಡೆಯ ಆಚೆ ನಿಂತು ಕೇಳಿಸಿಕೊಂಡ ನನಗೆ ಆ ಮಾತು ಮುಳ್ಳಿನ ಹಾಗೆ ಚುಚ್ಚಿತು. ನಾನು ಬಸ್ಸಿನಲ್ಲಿ ನಿಂತು, ಸೀಮೆಣ್ಣೆ ಬುಡ್ಡಿಯ ಹೊಗೆ ಕುಡಿದು ಓದಿದರೂ ಬಾರದ್ದು ಇವರಿಗೆ ಸುಮ್ಮನೆ ಹೇಗೆ ಬಂತು ಎಂದು. ಆ ಹೊಟ್ಟೆಕಿಚ್ಚಿಗೆ ಆಗ ನನ್ನ ಹತ್ತಿರ ಹೆಸರಿರಲಿಲ್ಲ. ಈಗ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಾವ ಹಳೇಬೀಡಿನ ದೇವಸ್ಥಾನದಲ್ಲಿ ಗೈಡು. ಬಾಗಿಲ ಹತ್ತಿರದ ಮರದ ಕಟ್ಟೆಯ ಮೇಲೆ ಗೈಡುಗಳೆಲ್ಲ ಕೂತಿರುತ್ತಿದ್ದರು, ಸರದಿ ಬಂದವರು ಎದ್ದು ಹೋಗುತ್ತಿದ್ದರು. ಇಂಗ್ಲಿಷನ್ನು ಮಾವ ಪ್ರವಾಸಿಗಳ ಬಾಯಿಂದಲೇ ಕಲಿತವರು. ಅವರದ್ದೊಂದು ಪದ್ಧತಿಯಿತ್ತು. ದೇವಸ್ಥಾನ ತೋರಿಸಿ ಮುಗಿಸಿದ ಮೇಲೆ, ಹೊರಡುವ ವಿದೇಶಿಯರ ಮುಂದೆ ಜೇಬಿನಿಂದ ಒಂದು ನೋಟ್‌ಬುಕ್ ತೆಗೆದು, "ಒನ್ ವರ್ಡ್ ಪ್ಲೀಸ್. ರೇರ್ ವರ್ಡ್," ಎನ್ನುತ್ತಿದ್ದರು. ನಿಮ್ಮ ಭಾಷೆಯಲ್ಲಿ ಯಾರೂ ಬಳಸದ, ನಿಮಗೆ ಇಷ್ಟವಾದ ಒಂದು ಪದ ಕೊಟ್ಟು ಹೋಗಿ ಎಂದು ಅದರ ಅರ್ಥ. ಕೆಲವರು ತಲೆ ಕೆರೆದುಕೊಳ್ಳುತ್ತಿದ್ದರು, ಕೆಲವರು ಗಂಡ ಹೆಂಡತಿ ಚರ್ಚೆ ಮಾಡಿ ಒಂದು ಪದ ಆರಿಸುತ್ತಿದ್ದರು. ಮಾವ ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಅರ್ಥ ಕೇಳಿ, ಮುಂದೆ ತಮ್ಮದೇ ಮಾತಿನಲ್ಲಿ ಅರ್ಥ ಬರೆಯುತ್ತಿದ್ದರು.

ಆ ಅರ್ಥಗಳಲ್ಲಿ ಕೆಲವು ನನಗೆ ಬಾಯಿಪಾಠ. "ಪ್ಯಾಂಡಿಕ್ಯುಲೇಷನ್: ಎತ್ತು ಕೊಟ್ಟಿಗೇಲಿ ಎದ್ದಾಗ ಮೈ ಮುರಿಯೋದು. ಆಕಳಿಕೆ ಜತೆಗೆ. ಮನುಷ್ಯರೂ ಮಾಡ್ತಾರೆ." "ಪಿಲ್‌ಗಾರ್ಲಿಕ್: ಬೆಳ್ಳುಳ್ಳಿ ಸುಲಿದಂಗೆ ತಲೆ ಬೋಳಾಗಿರೋನು. ಪಾಪದವನು." "ಫ್ಲಂಬಿಶ್: ಮಧ್ಯಾನ ಮಲಗಿ ಎದ್ದಮ್ಯಾಲೆ ಏನೂ ತೋಚದಂಗೆ ಆಗೋದು." ಹೀಗೆ ಪುಟಗಟ್ಟಲೆ. ಅವನ್ನು ಸುಮ್ಮನೆ ಇಟ್ಟುಕೊಂಡಿರಲಿಲ್ಲ, ದುಡಿಸುತ್ತಿದ್ದರು. ಗೋಡೆಯ ಮೇಲಿನ ಬೋಳುತಲೆಯ ಸನ್ಯಾಸಿಯನ್ನು ತೋರಿಸಿ, ಪಿಲ್‌ಗಾರ್ಲಿಕ್ ಸರ್, ಎಂದರೆ ಗುಂಪು ಗೊಳ್ಳೆನ್ನುತ್ತಿತ್ತು. ಎಲ್ಲಕ್ಕಿಂತ ಹೆಸರಾಗಿದ್ದದ್ದು ಬಾಗಿಲಲ್ಲಿ ಆಡುತ್ತಿದ್ದ ಮಾತು. ಚಪ್ಪಲಿ ಬಿಡುವ ಜಾಗದಲ್ಲಿ ನಿಂತು, ಬಲಗೈಯನ್ನು ಎದೆಯ ಮೇಲಿಟ್ಟು, ಸ್ವಲ್ಪ ಬಗ್ಗಿ, "ಲೇಡೀಸ್ ಅಂಡ್ ಜೆಂಟಲ್‌ಮನ್, ಪ್ಲೀಸ್ ಡಿಸ್ಕಾಲ್ಸಿಯೇಟ್" ಎಂದು, ತಮ್ಮ ಒಂದು ಕಾಲಿನ ಚಪ್ಪಲಿಯನ್ನು ನಿಧಾನವಾಗಿ ಕಳಚುತ್ತಿದ್ದರು. ಮೊದಲು ಕಣ್ಣು ಕಣ್ಣು ಬಿಟ್ಟವರು ಆಮೇಲೆ ನಗುತ್ತ ಶೂ ಬಿಚ್ಚುತ್ತಿದ್ದರು. ಆ ಪದ ಕೊಟ್ಟವರು ಒಬ್ಬ ಮುದುಕ ಪಾದ್ರಿಯಂತೆ. ನೋಟ್‌ಬುಕ್ಕಿನಲ್ಲಿ ಅದರ ಅರ್ಥ: "ದೇವರ ಮುಂದೆ ಕಾಲು ಬರಿದು ಮಾಡ್ಕಳೋದು."

ನನ್ನ ಹತ್ತಿರವೂ ಒಂದು ಪುಸ್ತಕವಿತ್ತು. ಮೂರನೆಯ ಸಲಕ್ಕೆ ಇಂಗ್ಲಿಷ್ ಪಾಸು ಮಾಡಿ, ಹಟಕ್ಕೆ ಬಿದ್ದು ಬಿ.ಎ.ಯಲ್ಲೂ ಇಂಗ್ಲಿಷನ್ನೇ ಐಚ್ಛಿಕವಾಗಿ ತೆಗೆದುಕೊಂಡಿದ್ದೆ. ಕೊನೆಯ ವರ್ಷ ಕಾಲೇಜಿನಲ್ಲಿ ನನಗೆ ಬಹುಮಾನವಾಗಿ ಒಂದು ಇಂಗ್ಲಿಷ್–ಕನ್ನಡ ಡಿಕ್ಷನರಿ ಕೊಟ್ಟರು. ಅಂಗೈಯಗಲದ್ದು, ನೀಲಿ ರಟ್ಟಿನದ್ದು. ಅದರಲ್ಲಿನ ಅರ್ಥಗಳು ಬಲು ಹಳೆಯ ಕಾಲದವು. ಸ್ನೀಜ್, ಅಂದರೆ ಸೀನು, ಎಂಬುದಕ್ಕೆ "ನಾಸಿಕದ ಮೂಲಕ ವಾಯುವು ರಭಸದಿಂದ ಹೊರಬೀಳುವಿಕೆ" ಎಂದಿತ್ತು. ಬಟ್ಲರ್ ಎಂಬುದಕ್ಕೆ "ಶ್ರೀಮಂತರ ಗೃಹದಲ್ಲಿ ಪಾನೀಯಗಳ ಅಧಿಕಾರಿ" ಎಂದಿತ್ತು. ಓದಿದರೆ ಕೋರ್ಟಿನಲ್ಲಿ ನಿಂತ ಹಾಗಾಗುತ್ತಿತ್ತು. ನನಗೆ ಅದೇ ಇಷ್ಟವಾಗಿತ್ತು. ದಿನಕ್ಕೆ ಹತ್ತು ಪದ ಉರು ಹೊಡೆಯುತ್ತಿದ್ದೆ. ಆ ಪುಸ್ತಕದ ಎರಡು ರಟ್ಟಿನ ನಡುವೆ ಇಂಗ್ಲಿಷ್ ಭಾಷೆ ಪೂರ್ತಿ ಇದೆ, ಅದರಾಚೆ ಇರುವುದೆಲ್ಲ ಕಂಡವರ ಕಟ್ಟುಕಥೆ ಎಂದು ನಂಬಿದ್ದೆ. ಮೊದಲ ಸಲ ಓದು ಕಂಡ ಮನೆಯವರಿಗೆ ಈ ತಪ್ಪು ಸುಲಭವಾಗಿ ಆಗುತ್ತದೆ. ಪುಸ್ತಕ ತುಂಬಿದ ಮನೆಯಲ್ಲಿ ಹುಟ್ಟಿದವರು ಒಂದೇ ಪುಸ್ತಕವನ್ನು ಇಷ್ಟು ನಂಬುವುದಿಲ್ಲ.

ಬಿ.ಎ. ಫಲಿತಾಂಶ ಬಂದ ಬೇಸಿಗೆಯಲ್ಲಿ ಮಾವ ನನ್ನನ್ನು ಹಳೇಬೀಡಿಗೆ ಕರೆಸಿಕೊಂಡರು. ಗೈಡುಗಳ ಕಾರ್ಡುಗಳನ್ನು ಹೊಸದಾಗಿ ಕೊಡುತ್ತಾರೆ, ಅದಕ್ಕೆ ಬೇಲೂರಿನಲ್ಲಿ ಒಂದು ಮೌಖಿಕ ಪರೀಕ್ಷೆ ಇಟ್ಟಿದ್ದಾರೆ, ನಮ್ಮ ಇಂಗ್ಲಿಷನ್ನು ಒಂದಿಷ್ಟು ತಿದ್ದಿಕೊಡು ಎಂದು. ಕಾರ್ಡು ಇಲ್ಲದವರು ಇನ್ನು ಮುಂದೆ ಒಳಗೆ ಗುಂಪು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಅವರ ಅನ್ನ ಅದರ ಮೇಲೆ ನಿಂತಿತ್ತು. ಅನ್ನಕ್ಕಿಂತ ಹೆಚ್ಚಿನದೂ ನಿಂತಿತ್ತು, ಅದು ನನಗೆ ಆಗ ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ಕಟ್ಟೆಗೆ ಕರೆದುಕೊಂಡು ಹೋದರು. ಐದಾರು ಜನ ಗೈಡುಗಳಿದ್ದರು. ನಮ್ಮಕ್ಕನ ಮಗಳು, ಬಿ.ಎ., ಅದೂ ಇಂಗ್ಲಿಷು, ಎಂದು ಮಾವ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದರು. ಅವರೆಲ್ಲ ಎದ್ದು ನನಗೆ ಜಾಗ ಮಾಡಿಕೊಟ್ಟರು. ಅಪ್ಪನ ವಯಸ್ಸಿನವರು ನನ್ನನ್ನು ಮೇಡಂ ಎಂದರು. ಒಬ್ಬೊಬ್ಬರೂ ತಾವು ಹೇಳುವ ಪಾಠ ಒಪ್ಪಿಸಿದರು. ನಾನು ಕೆಂಪು ಪೆನ್ನು ಹಿಡಿದು ಕೂತಿದ್ದೆ. ಅವರ ತಪ್ಪುಗಳು ಸಣ್ಣವು, ತಿದ್ದಿದೆ. ಕೊನೆಯಲ್ಲಿ ಮಾವ ನಗುತ್ತ ತಮ್ಮ ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲಿಟ್ಟರು. ಅದನ್ನು ಅವರು ತಿದ್ದಲು ಕೊಟ್ಟದ್ದಲ್ಲ, ತೋರಿಸಲು ಕೊಟ್ಟದ್ದು. ಈಗ ಗೊತ್ತಾಗುತ್ತದೆ.

ನಾನು ನೀಲಿ ಡಿಕ್ಷನರಿ ತೆಗೆದು ಒಂದೊಂದೇ ಪದ ಹುಡುಕಿದೆ. ಕೆಲವು ಸಿಕ್ಕವು. ನಾಲ್ಕು ಸಿಗಲಿಲ್ಲ. ಸಿಗದ ನಾಲ್ಕನ್ನೂ ಕೆಂಪು ಗೀಟು ಎಳೆದು ಹೊಡೆದು ಹಾಕಿದೆ. ಸ್ಕೇಲು ಇಟ್ಟು ಎಳೆದ ಹಾಗೆ ನೇರವಾದ ಗೀಟು. ಆಮೇಲೆ ಎಲ್ಲರೂ ಕೇಳುವ ಹಾಗೆ ಹೇಳಿದೆ.

"ಮಾವ, ಇವು ಇಂಗ್ಲಿಷೇ ಅಲ್ಲ. ಯಾರೋ ನಿಮ್ಮನ್ನು ಮಂಗ ಮಾಡಿದ್ದಾರೆ."

ಮಾವ ಮೊದಲು ನಕ್ಕರು. ಯಾವುದು ಎಂದು ಬಗ್ಗಿ ನೋಡಿದರು. ಕೆಂಪು ಗೀಟು ಡಿಸ್ಕಾಲ್ಸಿಯೇಟ್ ಮೇಲೂ ಹಾದುಹೋಗಿದ್ದು ಕಂಡಿತು. ಅದೂನಾ, ಎಂದು ಮೆಲ್ಲಗೆ ಕೇಳಿದರು. ನಾನು ಡಿಕ್ಷನರಿಯ ಆ ಪುಟ ತೆರೆದು ಅವರ ಮುಖದ ಮುಂದೆ ಹಿಡಿದೆ. ಅವರಿಗೆ ಇಂಗ್ಲಿಷ್ ಅಕ್ಷರ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಿಡಿದೆ. ಕಟ್ಟೆಯ ಮೇಲಿದ್ದ ಬಿಳಿ ಮೀಸೆಯ ಗೈಡೊಬ್ಬರು, "ಏನ್ಲಾ, ಇಷ್ಟ್ ದಿನ ಇಲ್ದಿದ್ ಇಂಗ್ಲಿಷ್ನಲ್ಲಿ ಜನರ ಚಪ್ಪಲಿ ಬಿಚ್ಚಿಸ್ತಿದ್ಯಾ," ಎಂದರು. ಎಲ್ಲರೂ ನಕ್ಕರು. ಮಾವನೂ ಅವರ ಜೊತೆ ನಕ್ಕರು, ಆದರೆ ಬೇಗ ನಿಲ್ಲಿಸಿದರು. ಅಂದಿನಿಂದ ಅವರಿಗೆ ಕಟ್ಟೆಯಲ್ಲಿ ಇಲ್ದಿದ್ ಇಂಗ್ಲಿಷು ಎಂದೇ ಹೆಸರು ಬಿತ್ತು.

ಹಳೆಯ ಮಾತುಗಳನ್ನೆಲ್ಲ ಬಿಡಿಸಿ ನಾನು ಅವರಿಗೆ ಹೊಸ ಪಾಠ ಬರೆದುಕೊಟ್ಟೆ. ರಾಜರು, ಇಸವಿ, ಕಲ್ಲಿನ ಬಗೆ, ಅಡಿಪಾಯದ ಆಕಾರ. ಹದಿನೈದು ದಿನ ಬಾಯಿಪಾಠ ಮಾಡಿಸಿದೆ. ತಪ್ಪಿದರೆ ಮತ್ತೆ ಮೊದಲಿಂದ ಹೇಳಿಸುತ್ತಿದ್ದೆ. ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟರು ಹೇಗೆ ಮಾಡುತ್ತಿದ್ದರೋ ಹಾಗೇ. ಮಾವ ಒಂದು ದಿನವೂ ಬೇಸರ ಪಡಲಿಲ್ಲ, ಹಲ್ಲುಜ್ಜುವಾಗಲೂ ಗೊಣಗಿಕೊಳ್ಳುತ್ತಿದ್ದರು.

ಪರೀಕ್ಷೆಯ ದಿನ ಬೇಲೂರಿಗೆ ಜೊತೆಗೆ ಹೋದೆ. ಸಣ್ಣ ಕೋಣೆ, ಮೇಜಿನ ಆಚೆ ಮೂವರು. ಸೆಕೆಯೆಂದು ಬಾಗಿಲು ತೆರೆದೇ ಇತ್ತು. ನಾನು ಹೊಸ್ತಿಲ ಹೊರಗೆ ಕಾಣುವ ಹಾಗೆ ನಿಂತಿದ್ದೆ, ಧೈರ್ಯವಿರಲಿ ಎಂದು. ಮೂವರಲ್ಲಿ ಒಬ್ಬ ಹೆಂಗಸು ಬಹಳ ಸೌಮ್ಯವಾಗಿ, ನಾವೇ ಪ್ರವಾಸಿಗಳು ಅಂದುಕೊಳ್ಳಿ, ಬಾಗಿಲಲ್ಲಿ ನಮ್ಮನ್ನು ಬರಮಾಡಿಕೊಳ್ಳಿ, ಚಪ್ಪಲಿ ಬಿಡಲು ಹೇಳಿ, ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಾವನಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಇರಲಿಲ್ಲ. ಬಲಗೈ ತಾನಾಗಿ ಎದೆಯ ಮೇಲೆ ಬಂತು. ಸ್ವಲ್ಪ ಬಗ್ಗಿದರು. ಲೇಡೀಸ್ ಅಂಡ್ ಜೆಂಟಲ್‌ಮನ್, ಪ್ಲೀಸ್, ಎಂದರು. ಅಲ್ಲಿಗೆ ನಿಂತರು. ತಲೆಯೆತ್ತಿ ನನ್ನ ಕಡೆ ನೋಡಿದರು. ಬಾಯಿ ತೆರೆದೇ ಇತ್ತು. ಶೂಸ್, ಎಂದರು. ಮತ್ತೆ ಶೂಸ್ ಎಂದರು. ಕೈ ಎದೆಯಿಂದ ಕೆಳಗಿಳಿಯಿತು. ಆಮೇಲೆ ಕೇಳಿದ ಯಾವುದಕ್ಕೂ ನಾಲಿಗೆ ಹೊರಳಲಿಲ್ಲ, ನಾನು ಉರು ಹೊಡೆಸಿದ್ದ ಒಂದು ಇಸವಿಯೂ ನೆನಪಾಗಲಿಲ್ಲ.

ಮೇಜಿನ ಆಚೆಯವರು ಕಠಿಣವಾಗೇನೂ ಮಾತಾಡಲಿಲ್ಲ. ಗಾಬರಿಯಾಗಿದೆ, ಏಳೆಂಟು ತಿಂಗಳ ಮೇಲೆ ಇನ್ನೊಂದು ಸಲ ಕರೆಯುತ್ತೇವೆ, ಆಗ ಬನ್ನಿ, ಎಂದು ಕಳಿಸಿದರು. ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ಕೂತಿದ್ದರು. ನಾನು, ಇನ್ನೂ ಚೆನ್ನಾಗಿ ಬಾಯಿಪಾಠ ಮಾಡಬೇಕಿತ್ತು ಮಾವ, ಎಂದೆ. ಹೌದು ಕಣವ್ವ, ಎಂದರು.

ಆ ವರ್ಷವೇ ನನಗೆ ಬಿ.ಎಡ್. ಸೀಟು ಸಿಕ್ಕಿತು. ಕಾಲೇಜಿನ ಲೈಬ್ರರಿಯ ಮೂಲೆಯಲ್ಲಿ ಒಂದು ಮರದ ಪೀಠದ ಮೇಲೆ ದೊಡ್ಡದೊಂದು ಇಂಗ್ಲಿಷ್ ನಿಘಂಟು ಇತ್ತು. ಬೆನ್ನು ಕಿತ್ತು ಬಂದು, ಯಾರೋ ದಾರದಿಂದ ಕಟ್ಟಿದ್ದರು. ಎತ್ತಲು ಎರಡು ಕೈ ಬೇಕು. ಒಂದು ಮಧ್ಯಾಹ್ನ ಶಿಸ್ತಿನ ಬಗ್ಗೆ ಪ್ರಬಂಧ ಬರೆಯುವುದಿತ್ತು, ಡಿಸಿಪ್ಲಿನ್ ಎಂಬ ಪದದ ಮೂಲ ನೋಡೋಣವೆಂದು ಅದನ್ನು ತೆರೆದೆ. ಆ ಪದದಿಂದ ಬೆರಳು ಕೆಲವು ಪುಟ ಹಿಂದಕ್ಕೆ ಸರಿಯಿತು. ಅಲ್ಲಿತ್ತು. ಡಿಸ್ಕಾಲ್ಸಿಯೇಟ್. ಕಾಲಿನಲ್ಲಿರುವ ಪಾದರಕ್ಷೆಗಳನ್ನು ಕಳಚುವುದು. ಈಗ ಬಳಕೆ ವಿರಳ.

ಪ್ಯಾಂಡಿಕ್ಯುಲೇಷನ್ ಹುಡುಕಿದೆ, ಇತ್ತು: ನಿದ್ದೆಯ ಮುನ್ನ ಅಥವಾ ಎಚ್ಚರವಾದಾಗ ಕೈಕಾಲು ಚಾಚಿ ಮೈ ಮುರಿಯುವಿಕೆ, ಆಕಳಿಕೆಯೊಡನೆ. ಎತ್ತು ಒಂದು ಬಿಟ್ಟರೆ ಮಾವ ಬರೆದದ್ದೇ. ಪಿಲ್‌ಗಾರ್ಲಿಕ್ ಇತ್ತು: ಸುಲಿದ ಬೆಳ್ಳುಳ್ಳಿಯಂತೆ ತಲೆಗೂದಲು ಉದುರಿದವನು, ಆದ್ದರಿಂದ, ಯಾರೂ ದಿಕ್ಕಿಲ್ಲದ ದೀನ. ಆ ನಿಘಂಟಿನವರೂ ಪಾಪದವನು ಅಂದಿದ್ದರು. ಫ್ಲಂಬಿಶ್ ಮಾತ್ರ ಇರಲಿಲ್ಲ. ಅದೊಂದನ್ನು ಯಾರೋ ನಿಜವಾಗಿ ತಮ್ಮ ಮನೆಯಲ್ಲೇ ಕಟ್ಟಿರಬೇಕು. ನಾಲ್ಕರಲ್ಲಿ ಒಂದು ಸರಿಯಾಗಿ ಹೊಡೆದಿದ್ದೆನಲ್ಲ ಎಂದು ಆ ಹೊತ್ತಿನಲ್ಲೂ ಒಂದು ಕ್ಷಣ ಸಮಾಧಾನ ಪಟ್ಟುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ಡಿಸ್ಕಾಲ್ಸಿಯೇಟ್ ಇದ್ದ ಪುಟವನ್ನು ಜೆರಾಕ್ಸ್ ಮಾಡಿಸಿದೆ. ಮುಂದಿನ ಭಾನುವಾರ ಹಳೇಬೀಡಿಗೆ ಹೋಗಿ ತೋರಿಸುವುದು ಎಂದುಕೊಂಡು ಮಡಿಸಿ, ನೀಲಿ ಡಿಕ್ಷನರಿಯ ಒಳಗಿಟ್ಟೆ. ಮಾವನಿಗೆ ಎರಡನೆಯ ಸಲ ಕರೆ ಬರಲು ಇನ್ನೂ ಎರಡು ತಿಂಗಳಿತ್ತು. ಹೇಳಿದ್ದರೆ ಹೋಗುತ್ತಿದ್ದರು. ಕೈ ಎದೆಯ ಮೇಲಿಟ್ಟು ಹೇಳಬೇಕಾದ್ದನ್ನು ಹೇಳಿ ಕಾರ್ಡು ತೆಗೆದುಕೊಂಡು ಬರುತ್ತಿದ್ದರು. ಆ ಭಾನುವಾರ ನಾನು ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಟೀಚಿಂಗ್ ಪ್ರಾಕ್ಟೀಸಿಗೆ ಹೋದ ಶಾಲೆಯಲ್ಲಿ ಮಕ್ಕಳು ಎದ್ದು ನಿಂತು ಗುಡ್ ಮಾರ್ನಿಂಗ್ ಮೇಡಂ ಎನ್ನಲು ಶುರು ಮಾಡಿದ್ದರು. ನನ್ನ ಬಿ.ಎ. ಒಂದು ಅಂಗೈಯಗಲದ ಪುಸ್ತಕದಷ್ಟು ಎಂದು ಆ ಕಟ್ಟೆಯವರ ಮುಂದೆ ಹೇಳುವುದು ನನ್ನ ಕೈಲಾಗಲಿಲ್ಲ. ಕರೆ ಬಂತಂತೆ. ಮಾವ ಹೋಗಲಿಲ್ಲವಂತೆ. ಅಮ್ಮ ಹೇಳಿದಾಗ ಹೌದಾ ಎಂದು ಸುಮ್ಮನಾದೆ.

ಒಂದೆರಡು ವರ್ಷದಲ್ಲಿ ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಾಯುವ ಸ್ಟ್ಯಾಂಡನ್ನು ಮಾವನ ಸ್ನೇಹಿತರೊಬ್ಬರು ಗುತ್ತಿಗೆ ಹಿಡಿದರು, ಮಾವ ಅಲ್ಲಿ ಕೂರಲು ಹೋದರು. ಅಲ್ಲಿ ಮಾತು ಬೇಕಿರಲಿಲ್ಲ. ಚಪ್ಪಲಿ ತೆಗೆದುಕೊಳ್ಳುವುದು, ಟೋಕನ್ ಕೊಡುವುದು. ನಾನು ಮೇಡಂ ಆದೆ. ಬೇಲೂರಿನಲ್ಲಿ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸುತ್ತೇನೆ, ಹಗರೆಯಲ್ಲಿ ಮನೆ ಕಟ್ಟಿಸಿದೆವು. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಹಳೇಬೀಡಿಗೂ ಹುಲಿಕೆರೆಯ ಕೊಳಕ್ಕೂ ಕರೆದುಕೊಂಡು ಹೋಗುತ್ತೇನೆ. ಪ್ರತಿ ಸಲವೂ ನನ್ನ ಚಪ್ಪಲಿಯನ್ನು ಮಾವನ ಕೈಗೆ ಕೊಟ್ಟು ಟೋಕನ್ ಇಸಿದುಕೊಂಡಿದ್ದೇನೆ. ಅವರು ಮಕ್ಕಳಿಗೆ, ನಿಮ್ಮ ಮೇಡಂ ನನ್ನ ಅಕ್ಕನ ಮಗಳು, ಎಂದು ಹೇಳುತ್ತಿದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಈ ವರ್ಷ ಮಾವ ಕಣ್ಣಿನ ಪೊರೆ ತೆಗೆಸಿಕೊಂಡರು. ಬೇಲೂರಿನಲ್ಲಿ ಆಪರೇಷನ್ ಆದ್ದರಿಂದ ಹತ್ತು ದಿನ ಹಗರೆಯ ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದರು. ಓದಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ನಾಲ್ಕನೆಯ ದಿನ ಬೇಸರವಾಗಿರಬೇಕು, ತಮ್ಮ ಚೀಲದಿಂದ ಆ ನೋಟ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟು ಓದಿ ಹೇಳು ಎಂದರು. ಅದು ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಓದುತ್ತ ಹೋದೆ. ಪ್ರತಿ ಪದಕ್ಕೂ ಮಾವ, ಅದು ಕೊಟ್ಟೋಳು ಎತ್ತರದ ಹೆಂಗಸು, ಇದು ಕೊಟ್ಟೋನಿಗೆ ಬಿಸಿಲಿಗೆ ಮೂಗು ಕೆಂಪಾಗಿತ್ತು, ಎಂದು ನೆನಪು ಮಾಡಿಕೊಳ್ಳುತ್ತಿದ್ದರು. ಕೆಂಪು ಗೀಟು ಕಂಡಲ್ಲಿ ನಾನು ನಿಲ್ಲದೆ ಮುಂದಿನ ಸಾಲಿಗೆ ಹೋದೆ.

"ನಡುವೆ ಒಂದು ಬಿಟ್ಟೆ ಕಣವ್ವ," ಎಂದರು.

ಅದು ಹೊಡೆದು ಹಾಕಿದ್ದು ಮಾವ, ಎಂದೆ.

"ಗೊತ್ತು. ಓದು."

ಓದಿದೆ. ಡಿಸ್ಕಾಲ್ಸಿಯೇಟ್: ದೇವರ ಮುಂದೆ ಕಾಲು ಬರಿದು ಮಾಡ್ಕಳೋದು. ಓದಿ ಮುಗಿಸಿದ ಮೇಲೆ ಮುಂದಿನ ಸಾಲಿಗೆ ಹೋಗಲು ಆಗಲಿಲ್ಲ. ಕಪ್ಪು ಕನ್ನಡಕದ ಹಿಂದೆ ಅವರ ಕಣ್ಣು ಕಾಣುತ್ತಿರಲಿಲ್ಲವಾದ್ದರಿಂದಲೋ ಏನೋ ಹೇಳಿಬಿಟ್ಟೆ. ಆ ಪದ ಇದೆ ಮಾವ, ದೊಡ್ಡ ನಿಘಂಟಿನಲ್ಲಿದೆ, ಅರ್ಥವೂ ನೀವು ಬರೆದದ್ದೇ, ನನ್ನದೇ ತಪ್ಪು, ಎಂದು.

ರಸ್ತೆಯಲ್ಲಿ ಹಾಲಿನ ಡೈರಿಗೆ ಕ್ಯಾನು ಹೊತ್ತ ಗಾಡಿ ಹೋಯಿತು. ಅದರ ಸದ್ದು ನಿಂತ ಮೇಲೆ ಮಾವ ಕೇಳಿದರು.

"ನಿಂಗೆ ಯಾವಾಗ ಗೊತ್ತಾಯ್ತು?"

ಹೋದ ವಾರ ಎಂದು ಹೇಳಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಬಿ.ಎಡ್. ಓದುವಾಗ, ಎಂದೆ.

"ಎರಡ್ನೇ ಸಲ ಕರೆಯೋಕ್ ಮುಂಚೆನಾ, ಆಮೇಲಾ?"

ಮುಂಚೆ, ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಮಲಗಿದರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಸಂಜೆ ಕಾಫಿ ಕೊಟ್ಟಾಗ ಕುಡಿದರು. ಲೋಟ ವಾಪಸು ಕೊಡುವಾಗ ಹೇಳಿದರು.

"ನಂಗ್ ಹೇಳಿದ್ದು ಆಯ್ತು. ಅವತ್ತು ನೀನು ನನ್ನೊಬ್ಬನ ಹತ್ರ ಹೇಳಿರ್ಲಿಲ್ಲ. ಕಟ್ಟೆ ಮ್ಯಾಲೆ ಹೇಳಿದ್ದೆ. ಅಲ್ಲಿಗೇ ಹೋಗಿ ಹೇಳು."

ಬೇರೆ ಏನನ್ನೂ ಕೇಳಲಿಲ್ಲ. ನಾನು ಪೆನ್ನು ತಂದು, ಗೀಟಿನ ಕೆಳಗೆ ಆ ಪದವನ್ನು ಮತ್ತೆ ಬರೆದುಕೊಡುತ್ತೇನೆ ಎಂದೆ. ಬೇಡ ಎಂದು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು.

ಅವರು ಹಳೇಬೀಡಿಗೆ ಮರಳಿ ಸ್ಟ್ಯಾಂಡಿನಲ್ಲಿ ಕೂರಲು ಶುರು ಮಾಡಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹೋದೆ. ನೀಲಿ ಡಿಕ್ಷನರಿಯನ್ನೂ ಅದರೊಳಗಿದ್ದ ಜೆರಾಕ್ಸನ್ನೂ ತೆಗೆದುಕೊಂಡಿದ್ದೆ. ಹಾಳೆ ಮಡಿಕೆಯಲ್ಲಿ ಹರಿಯುವಷ್ಟು ಹಳದಿಯಾಗಿತ್ತು. ಬಸ್ಸಿನಲ್ಲಿ ಎರಡು ಸಲ, ಇಳಿದು ವಾಪಸು ಹೋಗಿಬಿಡೋಣ ಎನ್ನಿಸಿತು. ನಾನು ತಾಲ್ಲೂಕಿನ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡುವವಳು. ಆ ಕಟ್ಟೆಯಲ್ಲಿ ಕೂರುವ ಒಬ್ಬರ ಮಗಳು ನನ್ನ ಕ್ಲಾಸಿನಲ್ಲೇ ಓದುತ್ತಿದ್ದಾಳೆ.

ಕಟ್ಟೆಯಲ್ಲಿ ಹಳಬರು ಇಬ್ಬರೇ ಉಳಿದಿದ್ದರು. ಬಿಳಿ ಮೀಸೆ ಇನ್ನೂ ಬಿಳಿಯಾಗಿತ್ತು. ಮಿಕ್ಕವರು ಮೂವತ್ತರ ಆಸುಪಾಸಿನ ಹೊಸಬರು, ಎಲ್ಲರ ಕೊರಳಲ್ಲೂ ಕಾರ್ಡು. ಎದ್ದು ಜಾಗ ಮಾಡಿಕೊಟ್ಟರು. ನಾನು ಕೂರಲಿಲ್ಲ. ಇಪ್ಪತ್ತು ಹೆಜ್ಜೆ ದೂರದ ಸ್ಟ್ಯಾಂಡಿನಲ್ಲಿ ಮಾವ ನಮಗೆ ಬೆನ್ನು ಹಾಕಿಕೊಂಡು ಚಪ್ಪಲಿ ಜೋಡಿಸುತ್ತಿದ್ದರು. ನಾನು ಜೆರಾಕ್ಸ್ ಬಿಚ್ಚಿ ಇಂಗ್ಲಿಷಿನಲ್ಲಿ ಓದಿದೆ, ಕನ್ನಡದಲ್ಲಿ ಹೇಳಿದೆ. ಇದು ನನಗೆ ಗೊತ್ತಾಗಿ ಹದಿನೇಳು ವರ್ಷವಾಯಿತು, ಆಗಲೇ ಹೇಳಿದ್ದರೆ ಮಾವನಿಗೆ ಕಾರ್ಡು ಸಿಗುತ್ತಿತ್ತು, ಹೇಳಲಿಲ್ಲ, ಎಂದೂ ಹೇಳಿದೆ.

ಬಿಳಿ ಮೀಸೆಯವರು, ಹಂಗಾದ್ರೆ ಇಷ್ಟು ವರ್ಷ ನಾವು ನಕ್ಕಿದ್ದನ್ನ ಎಲ್ಲಿಗೆ ಹಾಕೋದು ಮೇಡಂ, ಎಂದು ಕೇಳಿದರು. ನನ್ನ ಮೇಲೆ ಹಾಕಿ, ಎಂದೆ. ಯಾರೋ ಹಿಂದಿನಿಂದ ಕಿಸಕ್ಕೆಂದರು. ಹೊಸಬರಲ್ಲೊಬ್ಬ ಅಷ್ಟರಲ್ಲಿ ಫೋನಿನಲ್ಲಿ ಹುಡುಕಿ, "ಐತೆ ಕಣ್ರಣ್ಣ, ಇಲ್ಲೇ ಐತೆ," ಎಂದು ಪರದೆ ತೋರಿಸಿದ. ಎಷ್ಟೋ ವರ್ಷದಿಂದ ಆ ಪದ ಅವರೆಲ್ಲರ ಜೇಬಿನಲ್ಲೇ ಇತ್ತು. ಯಾರೂ ಒಂದು ಸಲವೂ ನೋಡಲಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತು.

"ಬಿ.ಎ. ಓದಿದೋರು ಇಲ್ಲ ಅಂದ್ಮ್ಯಾಲೆ ನೋಡೋದೇನೈತೆ," ಎಂದರು ಬಿಳಿ ಮೀಸೆಯವರು. ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ಹಾಗೆ ನಂಬಿದ್ದರು.

ನಾನು ಸ್ಟ್ಯಾಂಡಿನ ಕಡೆ ನಡೆದೆ. ಚಪ್ಪಲಿ ಬಿಟ್ಟು ಮಾವನ ಕೈಗೆ ಕೊಟ್ಟೆ. ಅವರು ಅವನ್ನು ಹಲಗೆಯ ಮೇಲಿಟ್ಟು, ತಿರುಗದೆಯೇ, ಹೇಳಿದೆಯಾ ಎಂದು ಕೇಳಿದರು. ಹೇಳಿದೆ ಎಂದೆ. ನಕ್ಕರಾ ಎಂದರು. ನಕ್ಕರು ಎಂದೆ.

"ಯಾರ್ ಮ್ಯಾಲೆ?"

"ನನ್ನ ಮೇಲೆ."

ತಲೆಯಾಡಿಸಿದರು. ಫೋನು ಹಿಡಿದಿದ್ದ ಹೊಸ ಗೈಡು ಅಷ್ಟರಲ್ಲಿ ಒಂದು ವಿದೇಶಿ ಗುಂಪಿನ ಮುಂದೆ ನಿಂತು ಆ ಪದವನ್ನು ಹೇಳಿ ನೋಡುತ್ತಿದ್ದ. ಪರದೆ ನೋಡಿಕೊಂಡು ಹೇಳುತ್ತಿದ್ದುದರಿಂದ ಗುಂಪಿಗೆ ಏನೂ ಅರ್ಥವಾಗದೆ ಮುಖ ಮುಖ ನೋಡಿಕೊಂಡಿತು. ಮಾವ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಎದೆ ಮ್ಯಾಲೆ ಕೈ ಇಡ್ಬೇಕು ಮೊದ್ಲು, ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಎದ್ದು ಹೋಗಿ ತೋರಿಸಲಿಲ್ಲ. ನಾನು ಅದನ್ನೇ ಕಾಯುತ್ತಿದ್ದೆ ಎಂದು ಅವರಿಗೆ ತಿಳಿದಿತ್ತು ಅಂತ ಕಾಣುತ್ತದೆ.

ಟೋಕನ್ ಕೊಡಲು ಕೈ ಚಾಚಿದವರು ತಡೆದರು. ಇನ್ನೊಂದು ಕೈಯಿಂದ ಚೀಲ ತಡಕಾಡಿ ನೋಟ್‌ಬುಕ್ ತೆಗೆದರು. ಕೊನೆಯಲ್ಲಿ ಖಾಲಿಯಿದ್ದ ಒಂದು ಪುಟ ಬಿಡಿಸಿ, ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದು, ನನ್ನ ಮುಖ ನೋಡಿದರು.

"ಒನ್ ವರ್ಡ್ ಪ್ಲೀಸ್," ಎಂದರು. "ರೇರ್ ವರ್ಡ್."

ಇಷ್ಟು ವರ್ಷದಲ್ಲಿ ಆ ಮಾತನ್ನು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ. ದಿನಕ್ಕೆ ಹತ್ತರಂತೆ ಉರು ಹೊಡೆದವಳು ನಾನು. ಇಂಗ್ಲಿಷ್ ಕಲಿಸಿ ಸಂಬಳ ತೆಗೆದುಕೊಳ್ಳುವವಳು. ಬಿಸಿಯಾಗುತ್ತಿದ್ದ ಕಲ್ಲಿನ ಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೆ. ಒಂದು ಪದವೂ ಬರಲಿಲ್ಲ. ನನ್ನ ಹಿಂದೆ ಜನ ಚಪ್ಪಲಿ ಹಿಡಿದುಕೊಂಡು ಸಾಲಾಗಿ ನಿಂತಿದ್ದರು.

ಮಾವ ಪೆನ್ನಿಗೆ ಮುಚ್ಚಳ ಹಾಕಿದರು, ಪುಟವನ್ನು ಮುಚ್ಚಲಿಲ್ಲ. ಟೋಕನ್ ನನ್ನ ಅಂಗೈಯಲ್ಲಿಟ್ಟರು.

"ಹೋಗಿ ನೋಡ್ಕಂಡ್ ಬಾ. ವಾಪಸ್ ಬರುವಾಗ ಕೊಡು. ಚಪ್ಪಲಿ ನನ್ ಹತ್ರನೇ ಐತಲ್ಲ."